ಐದನೇ ವಿಳಾಸಕ್ಕೆ ಓಗೊಡುವ ಬಾಗಿಲು

ಧಾರವಾಡ,
ಶ್ರಾವಣ ಮೂವತ್ತೆರಡು, ೨೧೭೧

ಸುನಂದಜ್ಜಿಗೆ ಈರವ್ವಳ ನಮಸ್ಕಾರ.

ಶ್ರಾವಣಕ್ಕೆ ಮೂವತ್ತೆರಡನೇ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ, ನಮ್ಮ ಕಾಲದ ಪಂಚಾಂಗವೇ ಹಾಗೆ. ನಿಮಗಿನ್ನೂ ನಲವತ್ತಾಗಿಲ್ಲ, ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಾನು ನಿಮ್ಮ ಮರಿಮಗಳ ಮೊಮ್ಮಗಳು. ಕೆಲವು ಪದಗಳು ವಿಚಿತ್ರವೆನಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ನೀವೀಗ ಹೊಸ ಇಂಟರ್‌ನೆಟ್ ಸಂಪರ್ಕದ ಮುಂದೆ ಕೂತಿದ್ದೀರಿ. ಕಂಪನಿ ಎಂಟು ಸಾರ್ವಜನಿಕ ವಿಳಾಸ ಕೊಟ್ಟಿದೆ. ಮೊದಲನೆಯದೂ ಕೊನೆಯದೂ ನಿಯಮಕ್ಕೆ ಹೋಗಿ, ಒಂದನ್ನು ಕಂಪನಿಯೇ ಇಟ್ಟುಕೊಂಡು, ನಿಮ್ಮ ಕೈಗೆ ಐದು ಬಂದಿವೆ. ರೂಟರಿಗೊಂದು, ಇಮೇಲ್ ಸರ್ವರಿಗೊಂದು, ಮಾವನವರ ಹಾಡಿನ ಸಂಗ್ರಹಕ್ಕೊಂದು, ಗೇಟಿನ ಕ್ಯಾಮೆರಾಕ್ಕೊಂದು. ಐದನೆಯದರ ಮಾತು ಆಮೇಲೆ. ಗೇಟಿನ ಕ್ಯಾಮೆರಾವನ್ನು ಇಡೀ ಲೋಕಕ್ಕೆ ತೆರೆದಿಟ್ಟದ್ದೇಕೆಂದು ನಾನು ಕೇಳುವುದಿಲ್ಲ, ನೀವು ಹಿರಿಯರು. ಕಂಪನಿಯ ಯಂತ್ರ ಹೊರಗೆ ನಿಂತು ಈ ವಿಳಾಸ ಯಾರದೆಂದು ಕೂಗಿದರೆ ರೂಟರಿನ ಹಿಂದಿರುವವಕ್ಕೆ ಕೇಳಿಸದು. ಅದಕ್ಕೇ ಐದೂ ವಿಳಾಸಗಳ ಪರವಾಗಿ ರೂಟರೇ ಓಗೊಡಲಿ ಎಂದು ಸೆಟ್ಟಿಂಗಿನಲ್ಲಿ ಬರೆದಿದ್ದೀರಿ.

ನಮ್ಮ ಕಾಲದಲ್ಲಿ ಹೆಚ್ಚಿನವರಿಗೆ ಇರುವುದು ತೇಲುಹೆಸರು, ಅಂದರೆ ಗಂಟೆಗೊಮ್ಮೆ ಬದಲಾಗುವ ಹೆಸರು. ಅದನ್ನಿಟ್ಟುಕೊಂಡು ನೀವು ಹೊರಗಿನವರನ್ನು ಕರೆಯಬಹುದು, ನಿಮ್ಮನ್ನು ಹುಡುಕಿಕೊಂಡು ಯಾರೂ ಬರಲಾರರು. ಬರಬೇಕೆಂದರೆ ನಿಂತ ವಿಳಾಸ ಬೇಕು. ಅದು ಉಳಿದಿರುವುದು ಹಳೆಯ ಮನೆತನಗಳಲ್ಲಿ ಮಾತ್ರ, ಹೊಲದ ಹಾಗೆ ಹಿರಿಯರಿಂದ ಬರುತ್ತದೆ. ನಾವು ಬಾಗಿಲು ಎಂದು ಕರೆಯುವ ಆ ರೂಟರ್ ಪೆಟ್ಟಿಗೆ ಎಷ್ಟೋ ಸಲ ಬದಲಾಗಿದೆ, ನಿಮ್ಮ ಸೆಟ್ಟಿಂಗನ್ನು ಮಾತ್ರ ಸಾಲಿಗೆ ಸಾಲು ಹಾಗೇ ನಕಲು ಮಾಡುತ್ತ ಬಂದಿದ್ದೇವೆ. ಮಹಾನವಮಿಯಂದು ಪೆಟ್ಟಿಗೆಗೆ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ಹೊರಗಿನಿಂದ ಐದೂ ವಿಳಾಸಗಳನ್ನು ಒಂದೊಂದಾಗಿ ಕರೆಯುತ್ತೇವೆ. ಐದಕ್ಕೂ ಬಾಗಿಲು ಓ ಎನ್ನುತ್ತದೆ. ನಾಲ್ಕಕ್ಕೆ ಒಳಗಿನಿಂದಲೂ ಉತ್ತರ ಬರುತ್ತದೆ. ಐದನೆಯದಕ್ಕೆ ಒಳಗೆ ಸದ್ದಿಲ್ಲ. ಅಲ್ಲಿರುವುದು ನೀವೇ ಎಂದು ನನ್ನ ಸೋದರತ್ತೆ ಚೆನ್ನವ್ವ ನಂಬಿದ್ದಾಳೆ.

ಈ ವರ್ಷ ಪಕ್ಕದ ಮನೆಗೆ ಸೆವ್ರಿನಾ ಬಾಯಿ ಬಂದರು. ಅವರ ಊರು ಕಡಲಿನ ಪಾಲಾಯಿತು, ವಿಳಾಸವೂ ಹೋಯಿತು. ಮಗಳು ಅಸುಂತಾ ಸಮುದ್ರದಾಳದ ಠಾಣೆಯಲ್ಲಿ ಕೆಲಸಕ್ಕಿದ್ದಾಳೆ. ಆ ಠಾಣೆ ಹೊರಗಿನ ಕರೆ ತೆಗೆದುಕೊಳ್ಳುವುದಿಲ್ಲ. ನಿಂತ ವಿಳಾಸವೊಂದನ್ನು ಬರೆದು ಕಳಿಸಿದರಷ್ಟೇ ಅಲ್ಲಿಂದ ಕರೆ ಬರುತ್ತದೆ. ತಾಯಿ ಬದುಕಿದ್ದಾಳೋ ಇಲ್ಲವೋ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಐದನೆಯದನ್ನು ಅವರಿಗೆ ಕೊಡೋಣವೆಂದೆ. ಅತ್ತೆ ಕೆಂಡವಾದಳು.

“ಅದು ಅಜ್ಜಿದು. ಆಕಿ ಒಳಗ ಕುಂತಾಳ, ಅದಕ್ಕ ಬಾಗಲಾ ಓ ಅಂತೈತಿ. ಕೈ ಹಚ್ಚಬ್ಯಾಡ!”

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕುತೂಹಲ. ಅಷ್ಟು ವರ್ಷ ಮಾತಾಡದೆ ಕೂತವರು ಯಾರು? ಯಾರೂ ಮುಟ್ಟದ ಆ ಸೆಟ್ಟಿಂಗನ್ನು ತೆರೆದು ಓದಿದೆ. ಓಗೊಡಲು ಹೇಳಿದ್ದು ಐದಕ್ಕೆ, ಒಳಗೆ ದಾರಿ ಬರೆದದ್ದು ನಾಲ್ಕಕ್ಕೆ. ಐದನೆಯದರಲ್ಲಿ ಯಾವತ್ತೂ ಯಾರೂ ಇರಲಿಲ್ಲ. ಅದು ನಿಮ್ಮ ಕೈತಪ್ಪೋ, ಮುಂದೆ ಯಾರಾದರೂ ಬಂದಾರೆಂಬ ಎಣಿಕೆಯೋ, ನನಗಿನ್ನೂ ತಿಳಿದಿಲ್ಲ. ಅತ್ತೆಗೆ ತೋರಿಸಿದೆ. ಕಣ್ಣು ಒರೆಸಿಕೊಂಡಳು.

“ಹಂಗಾರ ಒಳಗ ಜಾಗಾ ಐತಿ,” ಎಂದಳು. “ಆ ಬಾಯಾರನ್ನ ಕರಿ.”

ಐದನೆಯದಕ್ಕೆ ದಾರಿ ಬರೆದು, ಕಾಂಪೌಂಡಿನ ಮೇಲಿಂದ ಬಾಯಿಯವರ ಮನೆಗೆ ತಂತಿ ಎಳೆದು, ಠಾಣೆಗೆ ಆ ವಿಳಾಸ ಬರೆದು ಕಳಿಸಿದೆವು. ಪರೀಕ್ಷಿಸಲೆಂದು ಹೊರಗಿನಿಂದ ನಾನೇ ಕರೆದೆ. ಬಾಗಿಲು ಎಂದಿನಂತೆ ಓ ಎಂದಿತು. ಆಮೇಲೆ ಒಳಗಿನಿಂದ ನಡುಗುವ ದನಿಯೊಂದು ಕೇಳಿತು: “ಅಸುಂತಾ?” “ಅಲ್ಲ, ಪಕ್ಕದ ಮನೆ ಈರವ್ವ,” ಎಂದೆ.

ಅಜ್ಜೀ, ಇವತ್ತು ಸಂಜೆ ನೀವು ಆ ಸಾಲನ್ನು ಮತ್ತೆ ಓದುತ್ತೀರಿ. ಇರುವುದು ನಾಲ್ಕು, ಐದಕ್ಕೇಕೆ ಓಗೊಡಬೇಕು ಎನಿಸಿ ಅಳಿಸಲು ಹೋಗುತ್ತೀರಿ. ತಪ್ಪೇ ಆಗಿದ್ದರೂ ತಿದ್ದಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಿನ್ನೆ ಅಸುಂತಾ ಕರೆದಿದ್ದಳು.