ವಾಚ್‌ಮನ್ನನ ಪಾಲಿನ ಡಬ್ಬಿ

ಮರದ ಕಾರ್ಖಾನೆಯ ಹಿಂದಿನ ಮನೆ,
ಭಾನುವಾರ ಮಧ್ಯಾಹ್ನ

ಚಿರಂಜೀವಿ ಚಿನ್ನೂಗೆ ನಿನ್ನ ಸೋದರಮಾವನ ತುಂಬು ಆಶೀರ್ವಾದ.

ಹೇಗಿದ್ದೀಯಮ್ಮಾ? ಊರವರ ನಾಡಿ ಹಿಡಿಯುವ ನರ್ಸಮ್ಮ ತಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ ಎಂದು ನಿನ್ನ ಅತ್ತೆಗೆ ಒಂದೇ ಚಿಂತೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇವತ್ತಿಗೂ ಮುತ್ತು ಪೋಣಿಸಿದ ಹಾಗಿದೆ, ನೀನೇ ನೋಡು. ನನ್ನ ಬೈಕಿನಂಥ ಬೈಕು ಈ ಬೀದಿಗೆ ಇನ್ನೊಂದು ಬರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ.

ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯವಾಗಬೇಕು ಎಂದು ನೀನು ಹೋದ ಪತ್ರದಲ್ಲಿ ಬರೆದಾಗ ನಾನು ನಕ್ಕಿದ್ದೆ. ನಮ್ಮ ಕಾರ್ಖಾನೆಯ ಸಂಘದಲ್ಲೂ ಅದೇ ಜಗಳ. ಬೇಡ ಎನ್ನುವ ಪಂಗಡಕ್ಕೆ ನಾನೇ ಮುಂದಾಳು. ಯಾಕೆಂದರೆ ನಮಗೆ ಅಂಟಿನ ಡಬ್ಬಿ ಇತ್ತಲ್ಲ. ಯಾರಾದರೂ ಹಾಸಿಗೆ ಹಿಡಿದರೆ ನಾನು ಖಾಲಿ ಅಂಟಿನ ಡಬ್ಬಿ ಹಿಡಿದು ಒಂದೊಂದು ಮೇಜಿನ ಮುಂದೆ ನಿಲ್ಲುವುದು, ಇವನನ್ನು ರೇಗಿಸಿ ಅವನನ್ನು ಹೊಗಳಿ ತುಂಬಿಸುವುದು. ಮುಷ್ಟಿ ಬಿಗಿದವನ ಜೇಬಿನಿಂದಲೂ ನೋಟು ಎಳೆಯುವ ವಿದ್ಯೆ ನನ್ನೊಬ್ಬನಿಗೇ ಗೊತ್ತು. ಪಾಲಿಶ್ ಹಾಕುವವನ ಹೆಂಡತಿಯ ಹೆರಿಗೆಗೆ ಡಬ್ಬಿಯ ಮುಚ್ಚಳ ಕೂರಲಿಲ್ಲ, ಅಷ್ಟು ತುಂಬಿತ್ತು.

ಈ ಸಲ ಮಲಗಿದವನು ಗೇಟಿನ ವಾಚ್‌ಮನ್. ಸಕ್ಕರೆ ಕಾಯಿಲೆಯವನು, ಪಾದದ ಹುಣ್ಣು ಕೊಳೆತಿದೆ. ಬೇಗ ಆಪರೇಷನ್ ಆಗದಿದ್ದರೆ ಕಾಲೇ ಹೋಗುತ್ತದಂತೆ. ಈ ಮನುಷ್ಯ ನಮ್ಮಲ್ಲಿ ಯಾರನ್ನೂ ಬಿಟ್ಟವನಲ್ಲ. ತಡವಾಗಿ ಬಂದವರನ್ನು ಗೇಟಿನಾಚೆ ನಿಲ್ಲಿಸಿದ, ಊಟದ ಚೀಲ ಬಿಚ್ಚಿಸಿ ನೋಡಿದ, ಮೊಳೆ ಕದ್ದವರನ್ನು ಮಾಲೀಕನಿಗೆ ಹಿಡಿದುಕೊಟ್ಟ. ನಾನು ಡಬ್ಬಿ ಹಿಡಿದು ಹೊರಟೆ. ನನ್ನ ಜೋಕುಗಳೆಲ್ಲ ಖರ್ಚಾದವು. ಒಬ್ಬ ಗರಗಸದಿಂದ ತಲೆಯೆತ್ತಲಿಲ್ಲ. ಇನ್ನೊಬ್ಬ, “ನಿಮಗೆ ಬೇಕಾದ್ರೆ ಕೊಡ್ತೀನಿ ಅಣ್ಣಾ, ಅವನಿಗೆ ಕೊಡಲ್ಲ” ಅಂದ. ವಾಚ್‌ಮನ್ನನ ಕೋಣೆಗೆ ಹೋಗುವಾಗಲೂ ಡಬ್ಬಿಯ ತಳ ಕಾಣುತ್ತಿತ್ತು. ಅವನು ಡಬ್ಬಿಯೊಳಗೆ ಇಣುಕಿ, “ನಿನ್ನ ಹಾಗೆ ನಗಿಸೋಕೆ ಬಂದಿದ್ರೆ ಕಾಲು ಉಳೀತಿತ್ತೇನೋ ಕಣಯ್ಯಾ” ಎಂದ. ನಾನು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ.

ನಿನ್ನೆ ಸಂಘದ ಸಭೆ. ನಾನು ಎದ್ದು ನಿಲ್ಲುತ್ತಲೇ ನಮ್ಮ ಪಂಗಡದವರು ಚಪ್ಪಾಳೆ ಹೊಡೆದರು. “ವಿಮೆ ಕಡ್ಡಾಯ ಮಾಡಿ” ಎಂದೆ. “ಡಬ್ಬಿ ಮುಖ ನೋಡಿ ತುಂಬುತ್ತೆ. ನಾಳೆ ನಿಮ್ಮ ಮುಖ ಯಾರಿಗೆ ಹಿಡಿಸಲ್ವೋ ಏನು ಗೊತ್ತು?” ಚಪ್ಪಾಳೆ ಅರ್ಧಕ್ಕೆ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು, ಮುಖ ಸಿಂಡರಿಸಿಕೊಂಡೇ. ಕೆತ್ತನೆಯವನು ಮಾತ್ರ ಕೇಳಿದ: “ದುಡ್ಡು ಕಟ್ಟಿಸ್ಕೋತಾರೆ, ಸರಿ. ಆಸ್ಪತ್ರೇಲಿ ಹಾಸಿಗೆ ಎಲ್ಲಿದೆ?” “ನಮ್ಮ ನರ್ಸಮ್ಮನ್ನ ಕೇಳಿ ಹೇಳ್ತೀನಿ” ಎಂದೆ. ಒಳಗಿದ್ದು ನೋಡುವವಳು ನೀನು, ಬರೆದು ತಿಳಿಸು.

ಮೈ ಕಡೆ ಗಮನವಿರಲಿ. ನಿನ್ನ ಕೆನ್ನೆ ಹಿಂಡಿದೆನೆಂದು ಬರೆಯಲು ಅತ್ತೆ ಹೇಳಿದ್ದಾಳೆ.

ಇಂತಿ,
ಈ ಬೀದಿಗೆಲ್ಲ ಒಬ್ಬನೇ ಆದ ನಿನ್ನ ಮಾವ

ಮರೆತಿದ್ದೆ: ವಿಮೆ ಶುರುವಾಗುವುದು ಬರುವ ತಿಂಗಳು, ಅವನ ಕಾಲು ಅಲ್ಲಿಯವರೆಗೆ ಕಾಯುವುದಿಲ್ಲ. ಗುರುವಾರ ಬೆಳಗಿನ ಬಸ್ಸಿಗೆ ಅವನನ್ನು ನಿನ್ನ ಆಸ್ಪತ್ರೆಗೆ ಕರೆತರುತ್ತೇನೆ, ಡಾಕ್ಟರಿಗೆ ಹೇಳಿಡು. ಎರಡನೇ ಸುತ್ತಿನಲ್ಲಿ ಡಬ್ಬಿ ತುಂಬಿತು ಎಂದು ಅವನಿಗೆ ಹೇಳಿದ್ದೇನೆ. ಕಾರ್ಖಾನೆಯವರೆಲ್ಲ ಎಷ್ಟು ಒಳ್ಳೆಯವರು ಎಂದು ಅವನು ಅಂದರೆ ಹೂಂ ಅನ್ನು. ಬೈಕ್ ಎಲ್ಲಿ ಮಾವಾ ಎಂದು ಅವನೆದುರು ಕೇಳಬೇಡ.