ನಿನ್ನ ತಾತ ಗೂರ್ಖಾ ಅಲ್ಲ

ಮಾಧವರಂ
ಬುಧವಾರ, 12 ನವೆಂಬರ್ 2025

ನನ್ನ ಕೂಸು ಶ್ರಾವಣಿಗೆ ನಿನ್ನವ್ವನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಸೋಮವಾರ ರಾತ್ರಿ ನೀನು ಫೋನ್ ಮಾಡಿದಾಗ ನನ್ನ ದನಿ ಯಾಕೆ ನಡುಗುತ್ತಿದೆ ಎಂದು ಕೇಳಿದೆ. ಜ್ವರ ಅಂದೆ. ಜ್ವರ ಇರಲಿಲ್ಲ. ಫೋನಿನಲ್ಲಿ ಹೇಳಲು ಹೆದರಿಕೆಯಾಗಿ ಇದನ್ನು ಬರೆಯುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಿಮ್ಮಪ್ಪ ಆದವಾನಿಗೆ ಬಂದು ನಿನ್ನ ಕೈಗೇ ಕೊಡುತ್ತಾರೆ. ಅವರು ಓದಿದ್ದು ತೆಲುಗು, ಕನ್ನಡ ಅಕ್ಷರ ಬಾರದು. ಆ ಧೈರ್ಯದ ಮೇಲೆಯೇ ಕಳಿಸುತ್ತಿದ್ದೇನೆ. ಆಫೀಸಿನಲ್ಲಿ ಬಿಚ್ಚಬೇಡ. ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಓದು.

ಸೋಮವಾರ ಮಧ್ಯಾಹ್ನ ನಮ್ಮ ಮನೆ ಮುಂದೆ ಒಂದು ಬಿಳಿ ಕಾರು ನಿಂತಿತು. ನಿಮ್ಮಪ್ಪ ಹೊಳೆಗೆ ಹೋಗಿದ್ದರು, ನಾನು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದೆ. ಹೈದರಾಬಾದಿನ ಡ್ರೈವರ್ ಒಬ್ಬ ಇಳಿದ. ಅವನ ಹಿಂದೆ ಎಪ್ಪತ್ತು ದಾಟಿದ ಹೆಂಗಸು. ಗಿಡ್ಡ ಕೂದಲು, ಪ್ಯಾಂಟು. ಕಣ್ಣು ಮಾತ್ರ ನಿನ್ನ ತಾತನವು, ನನ್ನಪ್ಪನವು. ತಾತನ ಹೆಸರು ಹೇಳಿ, ನರಸಪ್ಪ ಎಂಬ ಮೀನುಗಾರನ ಮನೆ ಇದೇನಾ ಎಂದು ಡ್ರೈವರ್ ಕೇಳಿದ. ಅಂಥವರು ಇಲ್ಲಿ ಯಾರೂ ಇರಲಿಲ್ಲ ಎಂದೆ. ಆಕೆ ಚಾಪೆಯ ಹತ್ತಿರ ಹೋಗಿ, ಒಂದು ಮೀನನ್ನು ಎತ್ತಿ ಮುರಿದು, ಮೂಸಿ ನೋಡಿ, ಅಳತೊಡಗಿದಳು. ನಾನು ಒಳಗೆ ಹೋಗಿ ಅಗಳಿ ಹಾಕಿಕೊಂಡೆ.

ನಿನ್ನ ತಾತ ಗೂರ್ಖಾ ಅಲ್ಲ, ಶ್ರಾವಣಿ. ನೇಪಾಳದಿಂದ ಬಂದವನೂ ಅಲ್ಲ. ಚೀನಾದವರ ಕುಲದವನು. ಅವನ ನಿಜವಾದ ಹೆಸರನ್ನು ಕಾಗದದ ಮೇಲೆ ಇಳಿಸಲು ಇನ್ನೂ ನನಗೆ ಕೈ ಬರುತ್ತಿಲ್ಲ.

ಅವನ ಅಜ್ಜ ಹಡಗಿನಲ್ಲಿ ಬಂದವನು. ಅವನ ಜೊತೆ ಬಂದ ಎಂಟು ಮನೆಯವರು ಪೂರ್ವ ಕರಾವಳಿಯ ಒಂದು ಹಳ್ಳಿಯ ಅಂಚಿನಲ್ಲಿ, ಯಾರಿಗೂ ಬೇಡವಾದ ಚೌಳು ನೆಲದಲ್ಲಿ ಗುಡಿಸಲು ಹಾಕಿಕೊಂಡು ಸೀಗಡಿ ಹಿಡಿದರು. ಉಪ್ಪುನೀರಿನಲ್ಲಿ ಕುದಿಸಿ, ಬಿದಿರ ಚಾಪೆಯ ಮೇಲೆ ಒಣಗಿಸಿ ಮಾರಿದರು. ಎರಡು ಸಲ ತುಫಾನು ಎಲ್ಲವನ್ನೂ ಒಯ್ದಿತು, ಎರಡು ಸಲವೂ ಮತ್ತೆ ಕಟ್ಟಿದರು. ತಾತ ಹುಟ್ಟುವ ಹೊತ್ತಿಗೆ ಮನೆಯೊಳಗೂ ತೆಲುಗೇ ಆಡುತ್ತಿದ್ದರಂತೆ. ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧ ಬಂತು. ಒಂದು ಬೆಳಗ್ಗೆ ಪೊಲೀಸರು ಲಾರಿ ತಂದು, ಹೆಂಗಸರು ಮಕ್ಕಳನ್ನೂ ಬಿಡದೆ ಹತ್ತಿಸಿಕೊಂಡು ಹೋದರು. ತಾತನಿಗೆ ಆಗ ಹದಿನೆಂಟು. ಅಂದು ಅವನು ದೋಣಿಯಲ್ಲಿ ಸಮುದ್ರದ ಮೇಲಿದ್ದ. ಮರುದಿನ ಬಂದು ನೋಡಿದರೆ ಎಂಟು ಮನೆಯೂ ಖಾಲಿ.

ಸಿಕ್ಕ ರೈಲು ಹತ್ತಿ ಓಡಿದ. ತುಂಗಭದ್ರೆಯ ಸೇತುವೆ ಮೇಲಿಂದ ಹರಿಗೋಲು ಕಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿದ. ಬೆಸ್ತರ ಭೀಮಲಿಂಗಪ್ಪ ಎಂಬ ಹಿರಿಯ ಅವನಿಗೆ ರೊಟ್ಟಿ ಕೊಟ್ಟ, ಏನನ್ನೂ ಕೇಳಲಿಲ್ಲ. ಸತ್ತ ತಮ್ಮನ ಹೆಸರು ಕೊಟ್ಟು ನರಸಪ್ಪ ಎಂದು ಕರೆದ. ಊರವರಿಗೆ ಗೂರ್ಖಾ ಎಂದು ಹೇಳಿದವನೂ ಅವನೇ. ಕೆಲವು ವರ್ಷದ ಮೇಲೆ ಮಗಳನ್ನೂ ಕೊಟ್ಟ. ಆ ಮಗಳೇ ನನ್ನವ್ವ. ಇವತ್ತು ನಮ್ಮ ಓಣಿಯ ಹೆಂಗಸರೆಲ್ಲ ಹೊಳೆಮೀನನ್ನು ಕುದಿಸಿ ಎತ್ತರದ ಚಾಪೆಯಲ್ಲಿ ಒಣಗಿಸುವುದು, ಪತ್ತಿಕೊಂಡದ ಸಂತೆಯಲ್ಲಿ ಜನ ಅದನ್ನೇ ಕೇಳಿ ಕೊಳ್ಳುವುದು, ಎಲ್ಲ ಅವನಿಂದ. ಅದು ಎಲ್ಲಿಂದ ಬಂದ ವಿದ್ಯೆಯೆಂದು ಯಾರಿಗೂ ಗೊತ್ತಿಲ್ಲ.

ನನಗೆ ಹನ್ನೆರಡಾದಾಗ ಹೊಳೆಯ ನಡುವೆ ಹರಿಗೋಲು ನಿಲ್ಲಿಸಿ ಇಷ್ಟನ್ನು ಹೇಳಿದ. ಕೊನೆಗೆ ಅಂದದ್ದು: "ಜೀಪ್ ಬಂದ್ರ ಮನ್ಯಾಗ ಇರಬ್ಯಾಡ, ನೀರಿಗಿ ಇಳಿ. ಯಾರ ಮುಂದನೂ ಬಾಯಿ ಬಿಡಬ್ಯಾಡ. ಕಟ್ಟಿಕೊಂಡಾವನ ಮುಂದನೂ."

ನಾನು ಬಾಯಿ ಬಿಡಲಿಲ್ಲ. ಜನಗಣತಿಯವರು ಬಂದಾಗೆಲ್ಲ ಅವನು ಆಚೆ ದಂಡೆಗೆ ಹೋಗುತ್ತಿದ್ದ, ನಾನು ಬಾಗಿಲಲ್ಲಿ ನಿಂತು ಸುಳ್ಳು ಹೇಳುತ್ತಿದ್ದೆ. ಐದು ವರ್ಷದ ಹಿಂದೆ ಗಡಿಯಲ್ಲಿ ಗಲಾಟೆಯಾದಾಗ ಬಸ್ ಸ್ಟ್ಯಾಂಡಿನಲ್ಲಿ ಕೆಲವರು ಚೀನಾದ ಬಾವುಟ ಸುಡುತ್ತಿದ್ದರು. ಮೀನಿನ ಬುಟ್ಟಿ ಹೊತ್ತಿದ್ದ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ನಿನಗೆ ಸರ್ಕಾರಿ ಕೆಲಸ ಬಂದ ದಿನ, ಅರ್ಜಿಯಲ್ಲಿ ತಾತನ ಊರು ಕೇಳಿದ್ದಾರಾ ಎಂದು ನಾನು ವಿಚಾರಿಸಿದ್ದಕ್ಕೆ ನೀನು ನಕ್ಕಿದ್ದೆ.

ಕಾರು ಹೋದ ಮೇಲೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿತು. ಮಂತ್ರಾಲಯದ ಒಂದು ಲಾಡ್ಜಿನ ವಿಳಾಸ. ನಿನ್ನೆ ಇಡೀ ದಿನ ಯಾರೋ ತನಿಖೆಗೆ ಬಂದವರೇ ಎಂದು ಒಮ್ಮೆ ಅನಿಸುತ್ತಿತ್ತು. ತನಿಖೆಗೆ ಬಂದವರು ಮೀನು ಮೂಸಿ ಅಳುತ್ತಾರೆಯೇ ಎಂದು ಮತ್ತೊಮ್ಮೆ. ಇವತ್ತು ಬೆಳಗ್ಗೆ ರಾಯರ ದರ್ಶನಕ್ಕೆಂದು ನಿಮ್ಮಪ್ಪನಿಗೆ ಹೇಳಿ ಆಟೋ ಹತ್ತಿದೆ.

ಆಕೆಯ ಹೆಸರು ಸಿಯು ಯಿಂಗ್. ತಾತನ ತಂಗಿ. ಲಾರಿ ಹತ್ತಿದಾಗ ಹತ್ತು ವರ್ಷ. ರಾಜಸ್ಥಾನದ ಶಿಬಿರದಲ್ಲಿ ನಾಲ್ಕು ವರ್ಷ ಇಟ್ಟಿದ್ದರಂತೆ, ಅವರವ್ವ ಅಲ್ಲೇ ತೀರಿಹೋದಳಂತೆ. ಆಮೇಲೆ ಕಲ್ಕತ್ತಾ, ಆಮೇಲೆ ಕೆನಡಾ. ತಾತ ಸಾಯುವ ಮುಂಚೆ ನನಗೂ ಹೇಳದೆ ತಾನು ಹುಟ್ಟಿದ ಆ ಹಳ್ಳಿಗೆ ಒಂದು ಕಾರ್ಡು ಹಾಕಿದ್ದ. ಅದರಲ್ಲಿ ಈ ಊರು, ನರಸಪ್ಪ ಎಂಬ ಹೆಸರು. ಯಾರ್ಯಾರದೋ ಕೈ ದಾಟಿ ಅದು ಹೋದ ವರ್ಷ ಆಕೆಗೆ ಸಿಕ್ಕಿದೆ. ಅಣ್ಣ ಸತ್ತು ಹದಿನಾಲ್ಕು ವರ್ಷವಾಯಿತೆಂದು ನಾನೇ ಹೇಳಬೇಕಾಯಿತು. ಆಕೆ ತನಗೆ ಉಳಿದಿರುವ ಹರುಕು ತೆಲುಗಿನಲ್ಲಿ ಒಂದೇ ಮಾತು ಕೇಳಿದಳು: ನಮ್ಮನ್ನು ಒಯ್ಯುವಾಗ ಅಣ್ಣ ಎಲ್ಲಿದ್ದ? ಸಮುದ್ರದ ಮೇಲೆ ಅಂದೆ. ಹಾಗಾದರೆ ಸರಿ, ಹಾಗಾದರೆ ಸರಿ ಎನ್ನುತ್ತ ನನ್ನ ಕೈ ಸವರಿದಳು.

ಶುಕ್ರವಾರ ಬೆಳಗ್ಗೆ, ನಿನ್ನನ್ನು ನೋಡಲೆಂದೇ ಆದವಾನಿ ಸ್ಟೇಷನ್ನಿಗೆ ಬಂದು ಮುಂಬಯಿ ರೈಲು ಹತ್ತುತ್ತಾಳೆ. ಜೊತೆಗೆ ನಿಂತದ್ದನ್ನು ಯಾರಾದರೂ ನೋಡಿಯಾರು, ಈಕೆ ಯಾರು ಎಂದು ಕೇಳಿಯಾರು. ನಿನ್ನ ಕೆಲಸ, ನಾಗಭೂಷಣನ ಮನೆಯವರ ಜೊತೆ ನಡೆದಿರುವ ಮದುವೆ ಮಾತು, ಎಲ್ಲ ಕಣ್ಣ ಮುಂದೆ ಬರುತ್ತದೆ. ಹೋಗಬೇಡ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಹೋಗು ಎಂದು ಬರೆಯಲೂ ಧೈರ್ಯವಿಲ್ಲ.

ಓದಿದ ಮೇಲೆ ಸುಟ್ಟುಬಿಡು.

ನೀನು ಸುಖವಾಗಿದ್ದರೆ ಸಾಕೆನ್ನುವ
ನಿನ್ನವ್ವ
ಮಾರೆಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ತಾತ ಅಂದು ಸಮುದ್ರದ ಮೇಲಿರಲಿಲ್ಲ. ಲಾರಿಗೆ ಇಪ್ಪತ್ತು ಮಾರು ದೂರದಲ್ಲಿ, ಬಲೆಗಳ ರಾಶಿಯ ಹಿಂದೆ ಬಗ್ಗಿ ಕೂತಿದ್ದ. ತಂಗಿ ಅಣ್ಣಾ ಅಣ್ಣಾ ಎಂದು ಕೂಗುತ್ತಿದ್ದಳು. ಅವರವ್ವ ಅವನನ್ನು ಕಂಡಳು. ಒಂದು ಕೈಯಿಂದ ಮಗಳ ಬಾಯಿ ಮುಚ್ಚಿ, ಇನ್ನೊಂದರಿಂದ ಬರಬೇಡ ಎಂದು ಸನ್ನೆ ಮಾಡಿದಳು. ಅವನು ಏಳಲಿಲ್ಲ. ಸಾಯುವ ಹಿಂದಿನ ದಿನ ಇದನ್ನು ನನಗೊಬ್ಬಳಿಗೇ ಹೇಳಿದ. ಶುಕ್ರವಾರ ನೀನು ಹೋಗಿ, ಆಕೆ ನಿನ್ನನ್ನೂ ಅದನ್ನೇ ಕೇಳಿದರೆ ಏನು ಹೇಳಬೇಕೋ ನನಗೆ ತಿಳಿಯದು, ಕೂಸೆ.