ನಿನ್ನ ಹಳೆಯ ಸಾಕೆಟ್ ಕಿತ್ತೆ, ಅಕ್ಕಾ

ಜಗಳಗಂಟಿ ಅಕ್ಕನಿಗೆ,

ಗೆದ್ದೆವು ಕಣೇ! ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗಲೂ ನಿನಗೆ ನಮ್ಮ ಆಪರೇಟಿಂಗ್ ಸಿಸ್ಟಂನದೇ ಚಿಂತೆ. ಮೊಳಕಾಲ್ಮೂರಿನ ಮಗ್ಗಗಳ ಕಂಪ್ಯೂಟರ್ ಪೆಟ್ಟಿಗೆಗಳಿಗೆಂದು ಚಳ್ಳಕೆರೆಯ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಕೂತು ಕಟ್ಟಿದ್ದಲ್ಲವೇ ಅದು? "ಆ ಹಳೇ ಸಾಕೆಟ್ ನಾನೇ ತುರುಕಿದ್ದು. ನೀನೇ ಕಿತ್ತಾಕ್ಬೇಕು ಕಣೋ. ಆದ್ರೆ ಒಂದು ಮಗ್ಗಾನೂ ನಿಲ್ಬಾರ್ದು" ಅಂದೆ. ಅಂದು ಹೋಗಿಯೇ ಬಿಟ್ಟೆ. ಕೋಡ್‌ನೊಳಗಿನ ಆ ಬಾಗಿಲನ್ನು ಹಾಗೇ ಬಿಟ್ಟರೆ ಇಡೀ ಸಿಸ್ಟಂ ಆಗಾಗ ಮುಗ್ಗರಿಸುತ್ತದೆ, ಕಿತ್ತರೆ ನೇಯ್ಗೆಯೇ ನಿಲ್ಲುತ್ತದೆ. ಇಂಥದ್ದನ್ನು ತಮ್ಮನ ತಲೆಗೆ ಕಟ್ಟಿ ಹೋಗುವವರು ಇದ್ದಾರೆಯೇ?

ನೆನಪಿದೆಯಾ, ಸೀರೆಯ ಚಿತ್ತಾರವನ್ನು ಮಗ್ಗಕ್ಕೆ ಕಳಿಸುವ ಆ ಹಳೆಯ ಪ್ರೋಗ್ರಾಂ? ಬರೆದವರ ಪತ್ತೆಯಿಲ್ಲ, ತಿದ್ದೋಣವೆಂದರೆ ಮೂಲ ಕೋಡ್ ಇಲ್ಲ. ಮಗ್ಗದ ಜೊತೆ ಮಾತಾಡಲು ಅದಕ್ಕೆ ಗೊತ್ತಿದ್ದ ಒಂದೇ ಬಾಗಿಲು ನಿನ್ನ ಸಾಕೆಟ್. ನಾನು ಹುಮ್ಮಸ್ಸಿನಲ್ಲಿ ಮೊದಲು ನಮ್ಮ ಮನೆಯ ಪೆಟ್ಟಿಗೆಯಲ್ಲೇ ಅದನ್ನು ಅಳಿಸಿದೆ. ಅವ್ವ ಕೂಗಿದಳು: "ಏನ್ ಮಾಡ್ದ್ಯೋ? ನವಿಲು ಕುತ್ತಿಗೆಗೇ ನಿಂತೈತೆ!" ತೆಪ್ಪಗೆ ಹಳೆಯದನ್ನೇ ವಾಪಸ್ ಹಾಕಿದೆ.

ಆ ಸೀರೆ ಮುಗಿದ ಮೇಲೆ ಹೊಸ ಹಾಸಿನ ಉದ್ದೆಳೆಗಳನ್ನು ಜೋಡಿಸಲು ಅವ್ವನ ಜೊತೆ ಕೂತೆ. ನೀನು ಕೂರುತ್ತಿದ್ದ ಜಾಗ. ಅಳು ಬಂತು, ಸುಳ್ಳೇಕೆ ಹೇಳಲಿ. ಮಗ್ಗದಲ್ಲಿ ಉಳಿದ ಹಳೆಯ ಎಳೆಗಳನ್ನು ಕೀಳದೆ, ಒಂದೊಂದರ ತುದಿಗೂ ಹೊಸ ಎಳೆ ಹೊಸೆದು ಮೆಲ್ಲಗೆ ಎಳೆಯುವುದಲ್ಲವೇ? ಹೊಸದು ಹಳೆಯದರ ದಾರಿ ಹಿಡಿದೇ ಒಳಗೆ ಬರುತ್ತದೆ, ಹಳೆಯದು ತಾನಾಗಿ ಹೊರಗೆ ಹೋಗುತ್ತದೆ. ನನ್ನ ಕೈ ಅಲ್ಲೇ ನಿಂತಿತು. ಹಾಗಾದರೆ ನಾನು ಮೊದಲೇ ಕಿತ್ತದ್ದೇ ತಪ್ಪು!

ಸಿಸ್ಟಂನ ಒಡಲಿನಾಚೆ ಒಂದು ಚಿಕ್ಕ ಪ್ರೋಗ್ರಾಂ ಬರೆದು, ಪುಟ್ಟ ದುಭಾಷಿಯ ಹಾಗೆ ಕೂರಿಸಿದೆ. ಹಳೆಯ ಪ್ರೋಗ್ರಾಂ ಹಳೆಯ ಹೆಸರು ಹಿಡಿದೇ ಕರೆಯುತ್ತದೆ. ಈ ದುಭಾಷಿ ಆ ಕರೆಯನ್ನು ನಾನು ಕಟ್ಟಿದ ಹೊಸ ಸಾಕೆಟ್‌ಗೆ ದಾಟಿಸುತ್ತಾನೆ. ಅವ್ವನ ಮಗ್ಗದಲ್ಲಿ ಸೀರೆಯ ಮೇಲೆ ಸೀರೆ ನೇಯಿಸಿ ನೋಡಿದೆ, ಒಂದು ಎಳೆಯೂ ತಪ್ಪಲಿಲ್ಲ. ಆಮೇಲೆ ಒಡಲೊಳಗಿದ್ದ ನಿನ್ನ ಸಾಲುಗಳನ್ನು ಅಳಿಸಿದೆ. ಸಂಕಟವಾಯಿತು. ಆದರೂ ಒಂದನ್ನೂ ಉಳಿಸಲಿಲ್ಲ. ಎಂದಿನ ಅಪ್‌ಡೇಟ್ ಜೊತೆ ಊರಿನ ಪೆಟ್ಟಿಗೆಗಳಿಗೆಲ್ಲ ಕಳಿಸಿ, ಫೋನ್ ಹಿಡಿದು ಬೈಗುಳಕ್ಕೆ ಕಾದೆ. ಒಂದು ಕರೆಯೂ ಬರಲಿಲ್ಲ.

ಮೊನ್ನೆ ಸೋದರಮಾವ ರಾಂಪುರದಲ್ಲಿ ಸಿಕ್ಕಿದರು. ಮನೆತುಂಬ ನಮ್ಮದೇ ಪೆಟ್ಟಿಗೆಯ ಮಗ್ಗ ಇಟ್ಟುಕೊಂಡವರು, ಕಂಡಕೂಡಲೇ ತರಾಟೆಗೆ ತೆಗೆದುಕೊಂಡರು. "ಏನ್ಲೇ, ಹಳೇದು ಕಿತ್ತಾಕ್ತೀನಿ ಅಂತ ಹೆದರ್ಸಿ ಇಟ್ಟಿದ್ಯಲ್ಲ, ಯಾವಾಗ್ಲೇ ಕೀಳೋದು? ಅವತ್ತು ಮಗ್ಗ ನಿಲ್ಲಿಸ್ಕೊಂಡು ಕೂರ್ತೀನಿ, ಹೇಳು!"

ಕಿತ್ತು ತಿಂಗಳಾಗಿತ್ತು, ಅಕ್ಕಾ.